ಬರೆದಿಟ್ಟ ಅಂಕ, ಲೆಕ್ಕದಿಂದ ಬಂದ ಅಂಕ

ಭಾರತದ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಕೊಡತಕ್ಕದ್ದೆಂದು 1993ರಲ್ಲಿ ನಿಶ್ಚಯಿಸಿದ ತರುವಾಯ, ಮೊದಮೊದಲು ಹಂಚಿದ ಚೀಟಿಗಳಲ್ಲಿ, ಹೆಸರು, ತಂದೆಯ ಅಥವಾ ಪತಿಯ ಹೆಸರು, ಲಿಂಗ ಇವುಗಳ ಜೊತೆಗೆ, ಇಂಥ ವರ್ಷದ ಜನವರಿ 1ಕ್ಕೆ ಇಷ್ಟು ವಯಸ್ಸು ಎಂಬ ಸಾಲೊಂದು ಅಚ್ಚಾಗಿರುತ್ತಿತ್ತು. ಆ ಚೀಟಿಯನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವವರು ಉಂಟು. 1995ರ ಜನವರಿ 1ಕ್ಕೆ 32 ವರ್ಷವೆಂದು ಅಚ್ಚು ಹಾಕಿಸಿಕೊಂಡ ಗೃಹಿಣಿಯು ಈಗ ಅರುವತ್ತನ್ನು ದಾಟಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೂ ಚೀಟಿಯು ಮಾತ್ರ 32 ಎಂದೇ ಸಾರುತ್ತಿರುತ್ತದೆ. ಇಷ್ಟಾದರೂ ಅದು ಸುಳ್ಳಾಡುತ್ತಿದೆಯೆಂದು ದೂರುವಂತಿಲ್ಲ; ಏಕೆಂದರೆ ತಾನು ಯಾವ ದಿನದ ಮಾತನ್ನಾಡುತ್ತಿದ್ದೇನೆಂಬುದನ್ನೂ ಅದು ಒಡನೆಯೇ ಹೇಳಿಬಿಟ್ಟಿದೆ. ಆ ತಾರೀಖೊಂದು ಅಚ್ಚಿನಲ್ಲಿ ಬಿಟ್ಟುಹೋಗಿದ್ದರೆ ಅದೇ 32 ಎಂಬ ಅಂಕವು ಮುಂದಿನ ವರ್ಷವೇ ಅಸತ್ಯವಾಗುತ್ತಿತ್ತು.

ಜನ್ಮದಿನಾಂಕವೂ ವಯಸ್ಸೂ ಮೇಲ್ನೋಟಕ್ಕೆ ಒಂದೇ ಜಾತಿಯ ಸಂಗತಿಗಳೆಂದು ತೋರುತ್ತವೆ. ಅರ್ಜಿಯ ನಮೂನೆಗಳಲ್ಲಿ ಎರಡಕ್ಕೂ ಒಂದೊಂದು ಚೌಕವನ್ನು ಬಿಟ್ಟಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ವಿಚಾರಿಸಿ ನೋಡಿದರೆ ಅವುಗಳ ಸ್ವಭಾವವೇ ಬೇರೆ. ಜನ್ಮದಿನಾಂಕವನ್ನು ಯಾರಾದರೂ ಹೇಳಿಯೇ ತಿಳಿಯಬೇಕು. ಉಳಿದ ಯಾವ ಸಂಗತಿಯಿಂದಲೂ ಅದನ್ನು ಹೊರಡಿಸಲಾಗದು. ಒಮ್ಮೆ ಸರಿಯಾಗಿ ಬರೆದರೆ ಅದು ಮುಂದೆಂದೂ ಬದಲಾಗದು. ವಯಸ್ಸಾದರೋ ಎರಡು ತಾರೀಖುಗಳ ವ್ಯವಕಲನದ ಫಲ. ಯಾರೂ ಹೇಳಬೇಕಾಗಿಲ್ಲ, ಬರೆದಿಡಬೇಕಾಗಿಯೂ ಇಲ್ಲ, ಬರೆದಿಟ್ಟರೆ ಅದು ಹಳಸುವುದು ನಿಶ್ಚಯ. ಕಂಪ್ಯೂಟರಿನಲ್ಲಿ ಮಾಹಿತಿಯನ್ನು ಶೇಖರಿಸುವವರು ಮೊದಲನೆಯದನ್ನು ಸ್ಟೋರ್ಡ್ ಫೀಲ್ಡ್ ಎಂದೂ ಎರಡನೆಯದನ್ನು ಡಿರೈವ್ಡ್ ಫೀಲ್ಡ್ ಎಂದೂ ಕರೆಯುತ್ತಾರೆ. ಈ ಲೇಖನದ ಮಟ್ಟಿಗೆ ನಾವು ಅವನ್ನು ಸಂಚಿತ, ಸಾಧಿತ ಎಂದು ಹೆಸರಿಸಿಕೊಳ್ಳೋಣ. ಯಾವುದೇ ಡೇಟಾಬೇಸನ್ನು ಕಟ್ಟುವಾಗ, ಅದರ ಕಡತಗಳ ಲಕ್ಷಣವನ್ನು ನಿರೂಪಿಸುವಾಗ, ಪ್ರತಿಯೊಂದು ಫೀಲ್ಡನ್ನೂ ಈ ಎರಡು ವರ್ಗಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಅಲಕ್ಷಿಸಿದ ಕಾರ್ಯಾಲಯಗಳು ವರ್ಷಗಳ ಮೇಲೆ ಅದರ ದಂಡವನ್ನು ತೆರುತ್ತವೆ.

ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳಾಗಿ ಎಣಿಸಿದರಷ್ಟೆ. ಬೆಟ್ಟದ ಮೇಲಣ ಹೊಗೆಯನ್ನು ಕಣ್ಣು ಕಂಡಿತು; ಬೆಂಕಿಯನ್ನು ಬುದ್ಧಿ ಸಾಧಿಸಿತು. ಎರಡೂ ಜ್ಞಾನವೇ, ಆದರೆ ಎರಡರ ಆಧಾರ ಒಂದೇ ಅಲ್ಲ. ಹೊಗೆಯೆಂದು ಕಂಡದ್ದು ಮಂಜಾಗಿದ್ದರೆ ಬೆಂಕಿಯ ಜ್ಞಾನವೂ ಅದರೊಡನೆಯೇ ಬಿದ್ದುಹೋಗುತ್ತದೆ. ಸಾಧಿತ ಫೀಲ್ಡಿನ ಗತಿಯೂ ಇಂಥದ್ದೇ. ಅದು ತನ್ನ ಮೂಲಗಳನ್ನು ನೆಚ್ಚಿ ನಿಂತಿರುವಂಥದು. ಮೂಲವು ತಿದ್ದುಪಡಿಯಾದಾಗ ಫಲವೂ ತಾನಾಗಿ ತಿದ್ದಿಕೊಳ್ಳಬೇಕು. ಅನುಮಾನದಿಂದ ಬಂದುದನ್ನು ಪ್ರತ್ಯಕ್ಷವೆಂಬಂತೆ ಕಡತದಲ್ಲಿ ಬರೆದಿಟ್ಟರೆ ಈ ಸಂಬಂಧವೇ ಕಡಿದುಹೋಗುತ್ತದೆ.

ಕಡಿದುಹೋದರೆ ಆಗುವುದೇನೆಂಬುದಕ್ಕೆ ನಮ್ಮ ರೈತರಿಗೆಲ್ಲ ಪರಿಚಿತವಾದ ಪಹಣಿಯನ್ನೇ ನೋಡಬಹುದು. ಅದರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಅದರೊಳಗಿನ ಖರಾಬು, ಕಳೆದು ಉಳಿದದ್ದು ಎಂದು ಬೇರೆ ಬೇರೆ ಅಂಕಗಳಿರುತ್ತವೆ. ಒಟ್ಟು 4 ಎಕರೆ 10 ಗುಂಟೆ, ಖರಾಬು 15 ಗುಂಟೆ ಎಂದಾದರೆ, ಎಕರೆಗೆ 40 ಗುಂಟೆಯ ಲೆಕ್ಕದಲ್ಲಿ, ಉಳಿದದ್ದು 3 ಎಕರೆ 35 ಗುಂಟೆ. ಬೇರೆ ಆಗಲು ದಾರಿಯಿಲ್ಲ. ಆದರೆ ಮೂರನ್ನೂ ಕೈಯಿಂದ ಬರೆಯುವಲ್ಲಿ, ಎಕರೆಗೆ ನೂರು ಗುಂಟೆಯೆಂಬಂತೆ ದಶಮಾಂಶದ ರೂಢಿಯಲ್ಲಿ ಕಳೆದು 3 ಎಕರೆ 95 ಗುಂಟೆಯೆಂದು ಬರೆದುಬಿಟ್ಟ ಕೈಯನ್ನು ತಡೆಯುವವರಾರು? ಒಟ್ಟನ್ನು ತಿದ್ದಿ ಉಳಿದದ್ದನ್ನು ಮರೆತ ಕೈಯನ್ನು ತಡೆಯುವವರಾರು? ಒಂದೇ ಹಾಳೆಯ ಮೇಲಿನ ಮೂರು ಅಂಕಗಳು ಪರಸ್ಪರ ಜಗಳವಾಡತೊಡಗಿದಾಗ, ಯಾವುದು ಸಾಕ್ಷಿ, ಯಾವುದು ಊಹೆ ಎಂಬುದು ಹಾಳೆಯನ್ನು ನೋಡಿ ತಿಳಿಯುವುದಿಲ್ಲ. ಮೂರಕ್ಕೂ ಒಂದೇ ಮಸಿ, ಒಂದೇ ಗೌರವ.

ಈ ವಿವೇಕವನ್ನು ಯಂತ್ರದ ವ್ಯವಸ್ಥೆಯೊಳಗೇ ತಂದಿಟ್ಟವರಲ್ಲಿ ಅಮೆರಿಕದ ಡಾನ್ ನೆಲ್ಸನ್, ಡಿಕ್ ಪಿಕ್ ಎಂಬ ಇಬ್ಬರನ್ನು ನೆನೆಯಬೇಕು. 1965ರ ಸುಮಾರಿಗೆ ಟಿಆರ್‌ಡಬ್ಲ್ಯು ಎಂಬ ಸಂಸ್ಥೆಯಲ್ಲಿದ್ದಾಗ, ಅಮೆರಿಕದ ಸೈನ್ಯವು ನಿರ್ಮಿಸಲೆಳಸಿದ್ದ ಷಾಯೆನ್ ಎಂಬ ಹೆಲಿಕಾಪ್ಟರಿನ ಬಿಡಿಭಾಗಗಳ ಲೆಕ್ಕವನ್ನಿಡುವ ಸಲುವಾಗಿ, ಐಬಿಎಂ ಸಿಸ್ಟಂ 360 ಯಂತ್ರದ ಮೇಲೆ ಅವರು ಒಂದು ವ್ಯವಸ್ಥೆಯನ್ನು ರಚಿಸಿದರು. ಅದೇ ಮುಂದೆ 1973ರಲ್ಲಿ ಮೈಕ್ರೋಡೇಟಾ ಸಂಸ್ಥೆಯ ರಿಯಾಲಿಟಿ ಎಂಬ ಯಂತ್ರವಾಗಿ ಮಾರುಕಟ್ಟೆಗೆ ಬಂದಿತು. ಪಿಕ್ ವ್ಯವಸ್ಥೆಯೆಂಬ ಹೆಸರಿನಿಂದ ಜಗತ್ತಿನಲ್ಲಿ ಹರಡಿತು. ಪ್ರೈಮ್ ಇನ್ಫರ್ಮೇಷನ್, ಯೂನಿವರ್ಸ್ ಮೊದಲಾದ ಸಂತತಿಯನ್ನೂ ಪಡೆಯಿತು. ಆ ಸಂತತಿಯು ಇಂದಿಗೂ ನಿರ್ನಾಮವಾಗಿಲ್ಲ.

ಪಿಕ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಜೊತೆಗೂಡಿ ಡಿಕ್ಷನರಿಯೆಂಬ ಇನ್ನೊಂದು ಕಡತವಿರುತ್ತದೆ. ಮೊದಲನೆಯದರಲ್ಲಿ ಕೇವಲ ಮಾಹಿತಿ. ಎರಡನೆಯದರಲ್ಲಿ ಆ ಮಾಹಿತಿಯನ್ನು ಹೇಗೆ ಓದಬೇಕೆಂಬ ವಿವರಣೆ. ಡಿಕ್ಷನರಿಯ ಒಂದು ಬಗೆಯ ನಮೂದು, ಈ ಹೆಸರಿನ ಸಂಗತಿಯು ದಾಖಲೆಯ ಇಷ್ಟನೆಯ ಸ್ಥಾನದಲ್ಲಿದೆ, ಅದನ್ನು ಕಾಗದದ ಮೇಲೆ ಇಂಥ ರೂಪದಲ್ಲಿ, ಇಂಥ ಶೀರ್ಷಿಕೆಯ ಕೆಳಗೆ ತೋರಿಸಿರಿ ಎಂದು ಹೇಳುತ್ತದೆ. ಇನ್ನೊಂದು ಬಗೆಯ ನಮೂದು ಯಾವ ಸ್ಥಾನವನ್ನೂ ತೋರಿಸದೆ ಒಂದು ಸೂತ್ರವನ್ನು ಹೇಳುತ್ತದೆ: ಪರಿಮಾಣವನ್ನು ಬೆಲೆಯಿಂದ ಗುಣಿಸಿರಿ, ಅಥವಾ ಗ್ರಾಹಕನ ಸಂಖ್ಯೆಯನ್ನು ಹಿಡಿದು ಗ್ರಾಹಕರ ಕಡತಕ್ಕೆ ಹೋಗಿ ಅವನ ಊರಿನ ಹೆಸರನ್ನು ತನ್ನಿರಿ. ಮೂಲ ಪಿಕ್‌ನವರು ಇಂಥ ಸೂತ್ರವನ್ನು ಕೋರಿಲೇಟಿವ್ ಎಂದರು. ಪ್ರೈಮ್ ಸಂಸ್ಥೆಯವರು ಅದನ್ನು ಇನ್ನಷ್ಟು ಹಸನುಗೊಳಿಸಿ ಐ-ಡಿಸ್ಕ್ರಿಪ್ಟರ್ ಎಂದೂ, ಸ್ಥಾನವನ್ನು ಹೇಳುವ ಸಾಮಾನ್ಯ ನಮೂದನ್ನು ಡಿ-ಡಿಸ್ಕ್ರಿಪ್ಟರ್ ಎಂದೂ ಬೇರ್ಪಡಿಸಿದರು. ಒಂದೊಂದು ನಮೂದಿನ ಮೊದಲ ಸಾಲಿನಲ್ಲಿಯೇ ಡಿ ಅಥವಾ ಐ ಎಂಬ ಒಂದು ಅಕ್ಷರ. ಡಿಕ್ಷನರಿಯನ್ನು ತೆರೆದು ನೋಡಿದವನಿಗೆ ಇದು ಸಾಕ್ಷಿ, ಇದು ಊಹೆ ಎಂಬುದು ಆ ಒಂದಕ್ಷರದಿಂದ ಸಂಶಯಕ್ಕೆಡೆಯಿಲ್ಲದಂತೆ ತಿಳಿಯುತ್ತಿತ್ತು.

ಸೊಗಸೆಂದರೆ, ವರದಿಯನ್ನು ಕೇಳುವವನಿಗೆ ಈ ಭೇದದ ಗೊಡವೆಯೇ ಇರಲಿಲ್ಲ. ಆರ್ಡರುಗಳ ಕಡತದಿಂದ ಗ್ರಾಹಕ, ತಾರೀಖು, ಮೊತ್ತ ಇವನ್ನು ಪಟ್ಟಿಮಾಡೆಂದು ಅವನು ಅಪ್ಪಣೆ ಕೊಟ್ಟರೆ, ಎದ್ದು ಬಂದ ಪಟ್ಟಿಯಲ್ಲಿ ತಾರೀಖು ಕಡತದಲ್ಲಿದ್ದದ್ದು, ಮೊತ್ತವು ಆ ಕ್ಷಣದಲ್ಲಿ ಲೆಕ್ಕ ಹಾಕಿದ್ದು ಎಂಬ ಗುರುತು ಎಲ್ಲಿಯೂ ಕಾಣದು. (ಈ ಅಪ್ಪಣೆಗಳ ಭಾಷೆಗೆ ಮೈಕ್ರೋಡೇಟಾದವರು ಇಂಗ್ಲಿಷ್ ಎಂದೇ ನಾಮಕರಣ ಮಾಡಿದ್ದರು, ವಿನಯವು ಆ ಉದ್ಯಮದ ಪ್ರಧಾನ ಗುಣವೆಂದು ಯಾರೂ ಹೇಳಿಲ್ಲ.) ಹೊಸ ಸಾಧಿತ ಫೀಲ್ಡೊಂದು ಬೇಕಾದಾಗ ಮಾಹಿತಿಯ ಕಡತವನ್ನು ಮುಟ್ಟಲೇಬೇಕಾಗಿರಲಿಲ್ಲ, ಲಕ್ಷ ದಾಖಲೆಗಳಿದ್ದರೂ ಡಿಕ್ಷನರಿಗೆ ಒಂದು ನಮೂದನ್ನು ಸೇರಿಸಿದರೆ ಮುಗಿಯಿತು. ತಾರೀಖೂ ಸಹ ಅಲ್ಲಿ ಅರ್ಧ ಸಾಧಿತವೇ. ಪಿಕ್ ವ್ಯವಸ್ಥೆಯು ತಾರೀಖನ್ನು 1967ರ ಡಿಸೆಂಬರ್ 31ರಿಂದ ಕಳೆದ ದಿನಗಳ ಸಂಖ್ಯೆಯಾಗಿ ಬರೆದಿಡುತ್ತದೆ; ಕಡತದಲ್ಲಿರುವುದು 10000, ಕಾಗದದ ಮೇಲೆ ಬರುವುದು 1995ರ ಮೇ 18. ಒಂದೇ ಸ್ಥಾನಕ್ಕೆ ಎರಡು ನಮೂದುಗಳನ್ನು ಬರೆದು, ಒಂದರಲ್ಲಿ ಪೂರ್ಣ ತಾರೀಖನ್ನೂ ಇನ್ನೊಂದರಲ್ಲಿ ತಿಂಗಳನ್ನು ಮಾತ್ರವೂ ತೋರಿಸಬಹುದಾಗಿತ್ತು.

ಬೇರೆ ಪಂಥದವರೂ ಇದೇ ವಿಚಾರವನ್ನು ತಮ್ಮ ತಮ್ಮ ರೀತಿಯಲ್ಲಿ ಎದುರಿಸಿದರು. ಡೇಟಾಬೇಸುಗಳ ವಿಷಯವಾಗಿ 1971ರಲ್ಲಿ ಹೊರಟ ಕೋಡಸಿಲ್ ಎಂಬ ಸಮಿತಿಯ ವರದಿಯು, ಲೆಕ್ಕದಿಂದ ಬರುವ ಅಂಶವನ್ನು ಆಕ್ಚುಯಲ್ ಎಂದು ಸಾರಿದರೆ ಬರೆದಿಡತಕ್ಕದ್ದು, ವರ್ಚುಯಲ್ ಎಂದು ಸಾರಿದರೆ ಕೇಳಿದಾಗ ಮಾತ್ರ ಗಣಿಸತಕ್ಕದ್ದು ಎಂಬ ವ್ಯವಸ್ಥೆಯನ್ನು ಮಾಡಿತು. ಅದಕ್ಕೂ ಒಂದು ವರ್ಷ ಮುಂಚೆ, 1970ರಲ್ಲಿ, ಐಬಿಎಂನ ಎಡ್ಗರ್ ಕಾಡ್ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ಸಂಗ್ರಹದಲ್ಲಿರುವ ಸಂಬಂಧಗಳು ಬೇರೆ, ಬಳಸುವವರು ಹೆಸರಿಟ್ಟು ಕರೆಯುವ ಸಂಬಂಧಗಳು ಬೇರೆ, ಅವುಗಳಿಂದ ಹೊರಡಿಸಬಹುದಾದ ಸಂಬಂಧಗಳು ಬೇರೆ ಎಂದು ವಿಂಗಡಿಸಿ, ಒಂದರಿಂದ ಹೊರಡುವಂಥದನ್ನು ಮತ್ತೆ ಬರೆದಿಟ್ಟರೆ ಹುಟ್ಟುವ ವಿಸಂಗತಿಯ ಅಪಾಯವನ್ನು ಚರ್ಚಿಸಿದ್ದನು.

ಹಾಗಾದರೆ ಲೆಕ್ಕದಿಂದ ಬರುವುದನ್ನೆಲ್ಲ ಬರೆಯದೆ ಬಿಡತಕ್ಕದ್ದೆಂದು ವಿಧಿಸಿಬಿಡೋಣವೆ? ಪಠ್ಯಪುಸ್ತಕಗಳು ಬಹುಮಟ್ಟಿಗೆ ಹಾಗೆಯೇ ಹೇಳಿ ಮುಂದಕ್ಕೆ ಹೋಗುತ್ತವೆ. ವ್ಯವಹಾರದಲ್ಲಿ ಈ ವಿಧಿ ಅರ್ಧ ದಾರಿಯವರೆಗೆ ಮಾತ್ರ ನಡೆಯಬಲ್ಲುದು.

ಸರ್ಕಾರಿ ನೌಕರನ ನಿವೃತ್ತಿಯ ದಿನವನ್ನು ತೆಗೆದುಕೊಳ್ಳಿರಿ. ಕೇಂದ್ರದ ನಿಯಮದ ಪ್ರಕಾರ, ಗೊತ್ತಾದ ವಯಸ್ಸು ತುಂಬುವ ತಿಂಗಳಿನ ಕಡೆಯ ದಿನದಂದು ನೌಕರನು ನಿವೃತ್ತನಾಗುತ್ತಾನೆ; ತಿಂಗಳಿನ ಮೊದಲನೆಯ ತಾರೀಖಿನಂದು ಹುಟ್ಟಿದವನಾದರೆ ಹಿಂದಿನ ತಿಂಗಳಿನ ಕಡೆಯ ದಿನದಂದೇ ಹೊರಡಬೇಕಾಗುತ್ತದೆ. ಜುಲೈ 1ರಂದು ಹುಟ್ಟಿದವನು ಜೂನ್ 30ಕ್ಕೆ ಮನೆಗೆ, ಜುಲೈ 2ರಂದು ಹುಟ್ಟಿದವನು ಜುಲೈ 31ಕ್ಕೆ. ಒಂದು ದಿನದ ಅಂತರಕ್ಕೆ ಒಂದು ತಿಂಗಳ ಸಂಬಳ. ಇದು ಶುದ್ಧವಾಗಿ ಸಾಧಿತವಾದ ತಾರೀಖು. ಜನ್ಮದಿನಾಂಕವೂ ಸರ್ಕಾರದ ನಿಯಮವೂ ಕೂಡಿ ಹುಟ್ಟಿದ್ದು. ಕರ್ನಾಟಕ ಸರ್ಕಾರವು ನಿವೃತ್ತಿಯ ವಯಸ್ಸನ್ನು 2008ರಲ್ಲಿ 58ರಿಂದ 60ಕ್ಕೆ ಏರಿಸಿತು. ಒಬ್ಬೊಬ್ಬ ನೌಕರನ ದಾಖಲೆಯಲ್ಲಿಯೂ ನಿವೃತ್ತಿಯ ದಿನವನ್ನು ಬರೆದಿಟ್ಟುಕೊಂಡಿರುವ ವ್ಯವಸ್ಥೆಯಲ್ಲಿ ಇಂಥ ಆಜ್ಞೆ ಬಂದರೆ ದಾಖಲೆಗಳನ್ನೆಲ್ಲ ಒಂದೊಂದಾಗಿ ತಿದ್ದಬೇಕು; ಸೂತ್ರವಾಗಿ ಇಟ್ಟುಕೊಂಡಿರುವಲ್ಲಿ 58 ಎಂಬ ಒಂದು ಅಂಕವನ್ನು 60 ಮಾಡಿದರೆ ಸಾಕು. ಇಲ್ಲಿ ಪಠ್ಯಪುಸ್ತಕದ ವಿಧಿಯು ಅಕ್ಷರಶಃ ಸರಿ.

ಆದರೆ ಹೋಟೆಲಿನ ಬಿಲ್ಲಿಗೆ ಇದೇ ನ್ಯಾಯವನ್ನು ಹಚ್ಚಿ ನೋಡಿರಿ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಹವಾನಿಯಂತ್ರಿತ ಉಪಾಹಾರಗೃಹಗಳಿಗೆ ತೆರಿಗೆಯ ದರ ಶೇಕಡಾ 18 ಇದ್ದಿತು. ಅದೇ ವರ್ಷದ ನವೆಂಬರ್ 15ರಿಂದ ಅದು ಶೇಕಡಾ 5ಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ 400 ರೂಪಾಯಿಯ ಊಟ ಮಾಡಿದವನು 72 ರೂಪಾಯಿ ತೆರಿಗೆ ಸೇರಿಸಿ 472 ಕೊಟ್ಟು ಹೋದನು. ತೆರಿಗೆಯು ಬೆಲೆ, ದರಗಳ ಗುಣಾಕಾರದಿಂದ ಬರತಕ್ಕದ್ದಲ್ಲವೆ, ಬರೆದಿಡುವುದೇಕೆ ಎಂದು ಜಾಣತನ ತೋರಿದ ಪ್ರೋಗ್ರಾಮರನು ಬಿಲ್ಲಿನ ಮೊತ್ತವನ್ನು ಸಾಧಿತ ಫೀಲ್ಡಾಗಿ ನಿರೂಪಿಸಿ, ದರವನ್ನು ಚಾಲ್ತಿಯ ದರಪಟ್ಟಿಯಿಂದ ತರಿಸಿದ್ದರೆ, ಡಿಸೆಂಬರಿನಲ್ಲಿ ಅದೇ ಹಳೆಯ ಬಿಲ್ಲನ್ನು ತೆರೆದಾಗ ಅದು 420 ಎನ್ನುತ್ತದೆ. ಗ್ರಾಹಕನು ಕೊಟ್ಟು ಹೋದ 52 ರೂಪಾಯಿ ಪುಸ್ತಕದಿಂದ ಮಾಯವಾಗುತ್ತದೆ. ಯಾರೂ ಕದ್ದದ್ದಲ್ಲ, ಸೂತ್ರವು ಭೂತಕಾಲವನ್ನು ತಿದ್ದಿಬಿಟ್ಟಿತು. ಆ 472 ಎಂಬುದು ಹುಟ್ಟಿದಾಗ ಲೆಕ್ಕದ ಫಲವೇ ಆಗಿದ್ದರೂ, ಬಿಲ್ಲು ಗ್ರಾಹಕನ ಕೈ ಸೇರಿದ ಕ್ಷಣದಿಂದ ನಡೆದುಹೋದ ಸಂಗತಿಯಾಯಿತು, ಸಾಕ್ಷ್ಯವಾಯಿತು. ಅದನ್ನು ಬರೆದಿಡಲೇಬೇಕು, ಅಥವಾ ಕನಿಷ್ಠಪಕ್ಷ ಆ ದಿನದ ದರವನ್ನಾದರೂ ಆ ಬಿಲ್ಲಿನ ಜೊತೆಯಲ್ಲಿಯೇ ಬರೆದಿಡಬೇಕು. ಒಂದು ಅಂಕವನ್ನು ಲೆಕ್ಕದಿಂದ ಪಡೆಯಬಹುದೇ ಎಂದಷ್ಟೇ ಕೇಳಿದರೆ ಸಾಲದು. ನಿಯಮವು ನಾಳೆ ಬದಲಾದರೆ ಈ ಅಂಕವೂ ಬದಲಾಗಬೇಕೇ, ಬದಲಾಗಬಾರದೇ ಎಂದು ಕೇಳಬೇಕು. ನಿವೃತ್ತಿಯ ದಿನ ಬದಲಾಗಬೇಕು, ಬಿಲ್ಲು ಬದಲಾಗಬಾರದು. ಅನೇಕ ಕಾರ್ಯಾಲಯಗಳ ತಂತ್ರಾಂಶಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಿಯೇ ಇಲ್ಲವೆಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನ ಶಿಲ್ಕು ಇನ್ನೂ ಸೂಕ್ಷ್ಮವಾದ ವಿಷಯ. ಖಾತೆ ತೆರೆದಂದಿನಿಂದ ಹಾಕಿದ್ದನ್ನೂ ತೆಗೆದದ್ದನ್ನೂ ಕೂಡಿ ಕಳೆದರೆ ಶಿಲ್ಕು ಬಂದೇ ಬರುತ್ತದೆ. ತರ್ಕದ ದೃಷ್ಟಿಯಿಂದ ಅದು ಸಾಧಿತ. ಆದರೆ ಎಟಿಎಂ ಮುಂದೆ ನಿಂತ ಗ್ರಾಹಕನಿಗೋಸ್ಕರ ಇಪ್ಪತ್ತು ವರ್ಷಗಳ ವಹಿವಾಟನ್ನು ಪ್ರತಿ ಬಾರಿಯೂ ಮೊದಲಿನಿಂದ ಕೂಡುತ್ತ ಕುಳಿತರೆ ಅವನ ಹಿಂದಿನ ಸಾಲು ಬೀದಿಗೆ ಬರುತ್ತದೆ. ಆದಕಾರಣ ಶಿಲ್ಕನ್ನು ಬರೆದಿಡುವುದು ಅನಿವಾರ್ಯ. ಆದರೆ ಅದರ ಮೇಲೆ ಎರಡು ಕಟ್ಟುಗಳಿರಬೇಕು. ಮನುಷ್ಯನ ಕೈ ಅದನ್ನು ನೇರವಾಗಿ ಮುಟ್ಟಕೂಡದು, ವಹಿವಾಟಿನ ನಮೂದಿನ ಜೊತೆಜೊತೆಯಲ್ಲಿ, ಅದರಿಂದ ಬೇರ್ಪಡದಂತೆ, ಯಂತ್ರವೇ ತಿದ್ದಬೇಕು. ಮತ್ತು ಬೇಕೆಂದಾಗ ಮೂಲದ ನಮೂದುಗಳಿಂದ ಪುನಃ ಗಣಿಸಿ ತಾಳೆ ನೋಡಲು ಸಾಧ್ಯವಿರಬೇಕು. ಮೂಲ ನಮೂದುಗಳನ್ನು ಉಳಿಸಿಕೊಂಡದ್ದರ ಇನ್ನೊಂದು ಲಾಭವನ್ನು ನಮ್ಮ ದೇಶದ ಉಳಿತಾಯ ಖಾತೆದಾರರು 2010ರಲ್ಲಿ ಕಂಡರು. ಅಲ್ಲಿಯವರೆಗೆ ತಿಂಗಳಿನ 10ನೆಯ ತಾರೀಖಿನಿಂದ ಕಡೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ ದೊರೆಯುತ್ತಿತ್ತು. 11ರಂದು ಹಣ ಹಾಕಿದವನಿಗೆ ಆ ತಿಂಗಳು ಅದರ ಮೇಲೆ ಕಾಸೂ ಹುಟ್ಟುತ್ತಿರಲಿಲ್ಲ. ಲೆಡ್ಜರಿನ ಹಾಳೆಯನ್ನು ಕಣ್ಣಿನಿಂದ ನೋಡಿ ಲೆಕ್ಕ ಹಾಕುತ್ತಿದ್ದ ಗುಮಾಸ್ತನಿಗೆ ಅದು ಅನುಕೂಲವಾಗಿತ್ತು, ಖಾತೆದಾರನಿಗಲ್ಲ. 2010ರ ಏಪ್ರಿಲ್ 1ರಿಂದ ದಿನದಿನದ ಶಿಲ್ಕಿನ ಮೇಲೆ ಬಡ್ಡಿಯನ್ನು ಗಣಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಬ್ಯಾಂಕುಗಳು ಕಂಪ್ಯೂಟರೀಕೃತವಾಗಿ, ದಿನದಿನದ ಶಿಲ್ಕು ಯಂತ್ರದೊಳಗೆ ಸಿದ್ಧವಾಗಿ ದೊರೆಯುವಂತಾದದ್ದರಿಂದಲೇ ಇಂಥ ನಿಯಮವು ಕಾರ್ಯಸಾಧ್ಯವಾಯಿತು.

ಇನ್ನು ವಯಸ್ಸಿನ ಮಾತು. ಡೇಟಾಬೇಸಿನ ನಕ್ಷೆ ಬರೆಯುವ ವಿದ್ಯಾರ್ಥಿಗಳಿಗೆ ಸಾಧಿತ ಗುಣವನ್ನು ಕಡಿಗೆರೆಯ ಅಂಡಾಕಾರದೊಳಗೆ ತೋರಿಸಬೇಕೆಂದು ಕಲಿಸುವಾಗ ಉಪಾಧ್ಯಾಯರು ಕೊಡುವ ಉದಾಹರಣೆ ಬಹುಪಾಲು ವಯಸ್ಸೇ. ವಿನೋದವೇನೆಂದರೆ, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಎಂಬ ಎರಡು ಜನಪ್ರಿಯ ವ್ಯವಸ್ಥೆಗಳಲ್ಲಿ ಕೋಷ್ಟಕದ ನಿರೂಪಣೆಯೊಳಗೆ ವಯಸ್ಸನ್ನು ಸಾಧಿತ ಕಾಲಂ ಆಗಿ ಬರೆಯಹೊರಟರೆ ಯಂತ್ರವು ಒಪ್ಪುವುದೇ ಇಲ್ಲ. ಸೂತ್ರವು ಅದೇ ದಾಖಲೆಯೊಳಗಿನ ಸಂಗತಿಗಳನ್ನು ಮಾತ್ರ ಅವಲಂಬಿಸಿರಬೇಕು, ಇಂದು ಯಾವ ದಿನವೆಂದು ಗಡಿಯಾರವನ್ನು ಕೇಳಕೂಡದು ಎಂಬುದು ಅಲ್ಲಿನ ಕಟ್ಟಳೆ. ಈ ಕಟ್ಟಳೆಯು ಹಟಮಾರಿತನದ್ದಲ್ಲ. ಪಿಕ್ ಸಂತತಿಯ ಯೂನಿವರ್ಸ್ ವ್ಯವಸ್ಥೆಯಲ್ಲಿ ಇಷ್ಟು ಬಿಗಿಯಿಲ್ಲದ್ದರಿಂದ ಆಗುವ ತೊಡಕನ್ನು ಬಲ್ಲವರಿಗೆ ಅದರ ಮರ್ಮ ತಿಳಿಯುತ್ತದೆ. ಅಲ್ಲಿ ಆರ್ಡರುಗಳ ಕಡತದಲ್ಲಿ ಗ್ರಾಹಕನ ಊರನ್ನು ಬೇರೆ ಕಡತದಿಂದ ತರುವ ಐ-ಡಿಸ್ಕ್ರಿಪ್ಟರನ್ನು ಬರೆದು, ಹುಡುಕಾಟ ಬೇಗನೆ ಆಗಲೆಂದು ಅದಕ್ಕೊಂದು ಸೂಚಿಯನ್ನೂ ಕಟ್ಟಬಹುದು. ಗ್ರಾಹಕನು ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋದಾಗ ಗ್ರಾಹಕರ ಕಡತವೇನೋ ತಿದ್ದುಪಡಿಯಾಗುತ್ತದೆ; ಆರ್ಡರುಗಳ ಕಡತವನ್ನು ಯಾರೂ ಮುಟ್ಟದಿರುವುದರಿಂದ ಅದರ ಸೂಚಿಗೆ ಈ ಸುದ್ದಿಯೇ ತಲಪುವುದಿಲ್ಲ. ಬೆಳಗಾವಿಯ ಆರ್ಡರುಗಳನ್ನು ಹುಡುಕಿದವನಿಗೆ ಅವನ ಆರ್ಡರು ಸಿಕ್ಕದು; ಅದೇ ಆರ್ಡರನ್ನು ತೆರೆದು ಓದಿದವನಿಗೆ ಊರು ಬೆಳಗಾವಿಯೆಂದೇ ಕಾಣುತ್ತದೆ. ಸೂಚಿಯೆಂಬುದು ಸಾಧಿತವನ್ನು ಮರೆಯಲ್ಲಿ ಸಂಚಿತವಾಗಿ ಮಾಡಿಬಿಡುವ ಉಪಾಯವೆಂಬುದನ್ನು ಮರೆತದ್ದರ ಫಲ ಇದು. ವಯಸ್ಸು ಬೇಕಾದವರು ಅದನ್ನು ಕೋಷ್ಟಕದೊಳಗೆ ಇಡದೆ, ಕೇಳುವ ಪ್ರಶ್ನೆಯಲ್ಲಿ ಅಥವಾ ವ್ಯೂ ಎಂಬ ದರ್ಶನದಲ್ಲಿ ಗಣಿಸಿಕೊಳ್ಳತಕ್ಕದ್ದು.

ಎಸ್‌ಕ್ಯೂಎಲ್ ಭಾಷೆಯ ಪ್ರಮಾಣಗ್ರಂಥಕ್ಕೆ ಸಾಧಿತ ಕಾಲಂ ಸೇರಿದ್ದು 2003ರಲ್ಲಿ. ಆರಕಲ್ ಸಂಸ್ಥೆಯು 2007ರ ತನ್ನ 11ಜಿ ಆವೃತ್ತಿಯಲ್ಲಿ ಅದನ್ನು ವರ್ಚುಯಲ್ ಕಾಲಂ ಎಂದು ತಂದಿತು. 2015ರಲ್ಲಿ ಮೈಎಸ್‌ಕ್ಯೂಎಲ್ 5.7 ಬಂದಾಗ ಬರೆದಿಡುವುದೂ ಓದುವಾಗ ಗಣಿಸುವುದೂ ಎರಡೂ ಬಗೆಗಳು ದೊರೆತವು. ಅದಕ್ಕೆ ನಾಲ್ಕು ದಶಕಗಳ ಹಿಂದೆಯೇ ಕೋಡಸಿಲ್‌ನವರು ಆಡಿದ ಮಾತಿಗೆ ಇಷ್ಟು ವಿಳಂಬವಾಗಿ ಮನ್ನಣೆ ದೊರೆತದ್ದು ಆಶ್ಚರ್ಯವೇ ಸರಿ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ 2019ರ 12ನೆಯ ಆವೃತ್ತಿಯಲ್ಲಿ ಬರೆದಿಡುವ ಬಗೆಯನ್ನು ಮಾತ್ರ ಒಪ್ಪಿಕೊಂಡಿತ್ತು. ಓದುವಾಗ ಗಣಿಸುವ ಬಗೆಯು ಅದಕ್ಕೆ ಬಂದದ್ದು 2025ರ ಸೆಪ್ಟೆಂಬರಿನಲ್ಲಿ ಹೊರಟ 18ನೆಯ ಆವೃತ್ತಿಯಲ್ಲಿ. ಅಲ್ಲಿ ಯಾವ ಬಗೆಯೆಂದು ಹೇಳದೆ ಬಿಟ್ಟರೆ ಯಂತ್ರವು ಈ ಹೊಸ ಬಗೆಯನ್ನೇ ಗ್ರಹಿಸುತ್ತದೆ, ಮತ್ತು ಅಂಥ ಕಾಲಮಿನ ಮೇಲೆ ಆ ಆವೃತ್ತಿಯಲ್ಲಿ ಸೂಚಿಯನ್ನು ಕಟ್ಟಲಾಗುವುದಿಲ್ಲ. ಆದುದರಿಂದ ಸಾಧಿತ ಕಾಲಮನ್ನು ನಿರೂಪಿಸುವವರು, ಅದು ಸಂಗ್ರಹದಲ್ಲಿರಬೇಕೆಂದಿದ್ದರೆ, ಸ್ಟೋರ್ಡ್ ಎಂಬ ಪದವನ್ನು ನಿರೂಪಣೆಯ ಸಾಲಿನಲ್ಲಿಯೇ ಮರೆಯದೆ ಬರೆಯತಕ್ಕದ್ದು.